ಎಲ್ಲರೂ ಕಳ್ಳರೆಂಬ ಮಾತು



ದೊಡ್ಡ ಅಂಗಡಿಗಳ ವ್ಯಾಪಾರವನ್ನಾಗಲಿ ಹಣಕ್ಕಾಗಿ ಆಡುವವರ ಆಟವನ್ನಾಗಲಿ ಕುರಿತು ಮಾತು ಬಂದಾಗ, “ಅಲ್ಲಿರುವವರೆಲ್ಲರೂ ಕಳ್ಳರೇ” ಎಂದು ಅನೇಕರು ಹೇಳುವದುಂಟು. ಹೀಗೆ ಹೇಳುವವನು ಯಾರಿಂದಲೂ ಮೋಸಹೋಗದ ಜಾಣನೆಂದು ಕೇಳಿದವರು ಎಣಿಸುತ್ತಾರೆ. ಆದರೆ ಈ ಮಾತು ಸತ್ಯವೋ? ಇದನ್ನಾಡುವದು ನ್ಯಾಯವೋ? ಸ್ವಲ್ಪ ವಿಚಾರಿಸೋಣ.

ಸಂಶಯಕ್ಕೆ ಕಾರಣವೇ ಇಲ್ಲವೆಂದು ಹೇಳಕೂಡದು. ಅಮೇರಿಕದ ನ್ಯೂಯಾರ್ಕ್ ಪಟ್ಟಣದಲ್ಲಿ ಹೋಲ್ ಫುಡ್ಸ್ ಎಂಬ ದೊಡ್ಡ ಕಂಪೆನಿಯ ಅಂಗಡಿಗಳುಂಟು. ಅಲ್ಲಿ ಆಹಾರಪದಾರ್ಥಗಳನ್ನು ಮುಂಚೆಯೇ ತೂಗಿ ಕಟ್ಟಿ, ತೂಕವನ್ನೂ ಬೆಲೆಯನ್ನೂ ಚೀಟಿಯಲ್ಲಿ ಅಚ್ಚುಹಾಕಿ ಮಾರುತ್ತಾರೆ. ನಗರದ ಅಧಿಕಾರಿಗಳು 80 ತರದ ಪೊಟ್ಟಣಗಳನ್ನು ತೂಗಿ ನೋಡಲಾಗಿ, ಎಲ್ಲಾ ತರದವುಗಳಲ್ಲಿಯೂ ತಪ್ಪು ತೂಕ ಕಂಡುಬಂತೆಂದು 2015ರಲ್ಲಿ ಪ್ರಕಟಿಸಿದರು. ತಪ್ಪಾದದ್ದು ನಿಜ, ಬೇಕೆಂದು ಮಾಡಿದ್ದಲ್ಲ ಎಂದು ಕಂಪೆನಿಯ ಮುಖ್ಯಸ್ಥರು ಹೇಳಿದರು. ಅದೇ ವರುಷದ ಕಡೆಯಲ್ಲಿ 5,00,000 ಡಾಲರು ಕೊಟ್ಟು ಕಂಪೆನಿಯು ವ್ಯಾಜ್ಯವನ್ನು ತೀರಿಸಿಕೊಂಡಿತು.

ಆಟದಲ್ಲಿಯೂ ಹಾಗೆಯೇ. ದಕ್ಷಿಣ ಆಫ್ರಿಕದ ಕ್ರಿಕೆಟ್ ನಾಯಕನಾದ ಹ್ಯಾನ್ಸಿ ಕ್ರೋನ್ಯೆ ದೈವಭಕ್ತನಾದ ಕ್ರೈಸ್ತನೆಂದು ಹೆಸರುಗೊಂಡವನು. 2000ದ ಜನವರಿಯಲ್ಲಿ ಸೆಂಚುರಿಯನ್ ಎಂಬಲ್ಲಿ ಇಂಗ್ಲೆಂಡಿನವರೊಡನೆ ನಡೆದ ಪಂದ್ಯವು ಮಳೆಯಿಂದ ಕೆಟ್ಟಾಗ, ಎರಡು ಪಕ್ಷದವರೂ ಒಂದೊಂದು ಸರದಿಯನ್ನು ಬಿಟ್ಟುಕೊಟ್ಟು ಆಟಕ್ಕೆ ಜೀವ ತರೋಣವೆಂದು ಅವನು ಸೂಚಿಸಿದನು. ಅನೇಕರು ಅವನ ಉದಾರಬುದ್ಧಿಯನ್ನು ಹೊಗಳಿದರು. ಏಪ್ರಿಲಿನಲ್ಲಿ ದಿಲ್ಲಿಯ ಪೊಲೀಸರು ಬೇರೆ ಪಂದ್ಯಗಳ ವಿಷಯವಾಗಿ ಅವನ ಮೇಲೆ ಆರೋಪ ಹೊರಿಸಿದರು. ಮೊದಲು ಅಲ್ಲಗಳೆದವನು ಕೆಲವೇ ದಿನಗಳಲ್ಲಿ ಹಣ ತೆಗೆದುಕೊಂಡದ್ದನ್ನು ಒಪ್ಪಿಕೊಂಡನು. ಆ ಮೇಲಣ ವಿಚಾರಣೆಯಲ್ಲಿ ಸೆಂಚುರಿಯನ್ನಿನ ಗುಟ್ಟೂ ಬೈಲಾಯಿತು: ಆ ಪಂದ್ಯದ ನಿಮಿತ್ತವಾಗಿ ಜೂಜಿನವನೊಬ್ಬನಿಂದ ಹಣವೂ ಒಂದು ತೊಗಲಿನ ಕೋಟೂ ಅವನಿಗೆ ಸಂದಿದ್ದವು. ಅವನು ಜೀವಮಾನವೆಲ್ಲಾ ಆಟದಿಂದ ಬಹಿಷ್ಕೃತನಾದನು. ಭಕ್ತನೆಂಬ ಹೆಸರಿದ್ದ ಮಾತ್ರಕ್ಕೆ ಪರೀಕ್ಷೆ ಬೇಡವೆನ್ನಲಾಗದು ಎಂಬದನ್ನು ನಾವು ಇದರಿಂದ ಕಲಿಯತಕ್ಕದ್ದು.

ಹಾಗಾದರೆ ಎಲ್ಲರೂ ಕಳ್ಳರೋ? 1980ರ ಫೆಬ್ರವರಿಯಲ್ಲಿ ಮುಂಬಯಿಯಲ್ಲಿ ಇಂಗ್ಲೆಂಡಿನವರೊಡನೆ ನಡೆದ ಪಂದ್ಯದಲ್ಲಿ ನಮ್ಮ ಭದ್ರಾವತಿಯ ಗುಂಡಪ್ಪ ವಿಶ್ವನಾಥರು ಭಾರತದ ನಾಯಕರಾಗಿದ್ದರು. ಬಾಬ್ ಟೇಲರ್ ಎಂಬವನು ಔಟಾದನೆಂದು ಅಂಪೈರಿನ ತೀರ್ಪಾಯಿತು. ಚೆಂಡು ಅವನ ಬ್ಯಾಟಿಗೆ ತಾಕಲಿಲ್ಲವೆಂದು ತಿಳಿದು ವಿಶ್ವನಾಥರು ಅವನನ್ನು ತಿರಿಗಿ ಆಟಕ್ಕೆ ಕರಿಸಿದರು. ಅವನೂ ಬೋಥಮನೂ ಜೊತೆಯಾಗಿ ಆಡಿದಾಗ 171 ಓಟಗಳು ಬಂದವು; ಭಾರತವು ಸೋತಿತು. ಎಲ್ಲರೂ ಕಳ್ಳರೆನ್ನುವವನು ಈ ಮನುಷ್ಯನನ್ನೂ ಕ್ರೋನ್ಯೆಯನ್ನೂ ಒಂದೇ ಚೀಲದಲ್ಲಿ ಕಟ್ಟುತ್ತಾನೆ. ಇದರಿಂದ ಯಾರಿಗೆ ಲಾಭ? ಕಳ್ಳನಿಗೇ. ಯಾಕಂದರೆ ಪ್ರಾಮಾಣಿಕನಿಗೂ ಅದೇ ಹೆಸರು ಬಂದ ಮೇಲೆ ಕಳ್ಳನು ನಾಚಬೇಕಾದದ್ದೇನು?

ಇನ್ನೊಂದು ಕೇಡೂ ಉಂಟು. ಲೋಕವೆಲ್ಲಾ ಮೋಸವೆಂದು ನಂಬಿದವನು ತನ್ನ ಹಾಲಿಗೆ ಒಂದು ಚೆಂಬು ನೀರು ಹೊಯ್ಯುವಾಗ, “ದೊಡ್ಡವರು ಮಾಡುವದನ್ನೇ ನಾನೂ ಮಾಡಿದೆನು” ಎಂದು ಮನಸ್ಸಾಕ್ಷಿಯನ್ನು ಸುಮ್ಮಗಿರಿಸುತ್ತಾನೆ. ಪರರ ಪಾಪದ ಮಾತು ಅವನಿಗೆ ತನ್ನ ಪಾಪದ ರಹದಾರಿಯಾಗುತ್ತದೆ.

ಆದಕಾರಣ ಕುರುಡು ನಂಬಿಕೆಯೂ ಬೇಡ, ಕುರುಡು ಸಂಶಯವೂ ಬೇಡ. ನ್ಯೂಯಾರ್ಕಿನ ಅಧಿಕಾರಿಗಳು ಗೊಣಗುತ್ತಾ ಕೂತುಕೊಳ್ಳಲಿಲ್ಲ; ತೂಗಿ ನೋಡಿದರು. ನಮ್ಮ ದೇಶದಲ್ಲಿಯೂ 2009ರ ಕಾಯಿದೆಯ ಪ್ರಕಾರ ವ್ಯಾಪಾರದ ತಕ್ಕಡಿಗೂ ಬೊಟ್ಟುಗಳಿಗೂ ಸರಕಾರದ ಮುದ್ರೆ ಇರತಕ್ಕದ್ದು. ಸಂತೆಯಲ್ಲಿ ಆ ಮುದ್ರೆಯನ್ನು ತೋರಿಸೆಂದು ಕೇಳುವದು ಯಾರಿಗೂ ಅವಮಾನವಲ್ಲ. ನ್ಯಾಯಸ್ಥನಾದ ವ್ಯಾಪಾರಿಯು ಅದನ್ನು ಸಂತೋಷದಿಂದ ತೋರಿಸುವನು. ತೂಕ ಕಡಿಮೆಯಾದರೆ ಅಧಿಕಾರಿಗೆ ತಿಳಿಸಿರಿ. ಸರಿಯಾದರೆ, ಆ ಅಂಗಡಿಯವನು ನ್ಯಾಯಸ್ಥನೆಂದು ನೆರೆಯವರಿಗೂ ಹೇಳಿರಿ. ಮನೆಗೆ ಬಂದ ಮೇಲೆ ನಾವು ಹಾಲನ್ನೂ ರಾಗಿಯನ್ನೂ ಅಳೆದು ಮಾರುವ ಸೇರನ್ನು ಸಹ ಹಾಗೆಯೇ ಪರೀಕ್ಷಿಸೋಣ.