ಬಸ್ ಹೋದ ಮೇಲಿನ ಎರಡು ದಿನ



ನಾಗಪುರದ ದೀಕ್ಷಾಭೂಮಿ ನೋಡಿ ನಮ್ಮ ಬಸ್ ಗೋಕಾಕಕ್ಕೆ ಮರಳುತ್ತದೆ. ನಾನು ಎರಡು ದಿನ ಹೆಚ್ಚು ಉಳಿದು, ಒಬ್ಬನೇ ವೇರೂಳದ ಬೌದ್ಧ ಗುಹೆಗಳನ್ನು ನೋಡಿ ಬರಬೇಕೆಂದಿದ್ದೇನೆ. ಖರ್ಚಿನ ಚಿಂತೆಯಲ್ಲ, ಅಳುಕು ಬೇರೆ: ಬಸ್ಸಿನಲ್ಲಿ ಎಲ್ಲರೂ ನಮ್ಮವರು, ಒಬ್ಬನೇ ಹೋದರೆ ಲಾಡ್ಜಿನವರು ಅಡ್ಡಹೆಸರು ಕೇಳುತ್ತಾರೆ.

1934ರಲ್ಲಿ ಬಾಬಾಸಾಹೇಬರು ಸುಮಾರು 30 ಜನರ ತಂಡದೊಂದಿಗೆ ಇದೇ ವೇರೂಳ ನೋಡಲು ಹೊರಟಿದ್ದರು. ದೌಲತಾಬಾದ್ ಕೋಟೆಯ ಬಾಗಿಲಲ್ಲಿ ಹೊಂಡದ ನೀರಿನಿಂದ ಮುಖ ತೊಳೆದದ್ದಕ್ಕೆ ಜನ ಮುತ್ತಿ ಬಯ್ದರು. ಗುಂಪಿದ್ದರೂ ಅವಮಾನ ತಪ್ಪಲಿಲ್ಲ.

ಹಾಗಾದರೆ ಗುಂಪು ಯಾಕೆ? ಧೈರ್ಯ ಕಲಿಯಲು. ಬುದ್ಧರು ಮೊದಲ 60 ಭಿಕ್ಷುಗಳನ್ನು ಕಳಿಸುವಾಗ ಇಬ್ಬರನ್ನು ಒಂದೇ ದಾರಿಗೆ ಕಳಿಸಲಿಲ್ಲ. ಸಂಘ ಕಲಿಸಿದ್ದು ನಮ್ಮದಾಯಿತೋ ಇಲ್ಲವೋ, ಒಬ್ಬರೇ ನಿಂತಾಗಲೇ ಗೊತ್ತಾಗುವುದು. ಅಡ್ಡಹೆಸರು ಕೇಳಿದರೆ ದನಿ ತಗ್ಗಿಸದೆ ಹೇಳುತ್ತೇನೆ. ನೀವೂ ಹೇಳಿ.

ಸರ್ವರಿಗೂ ಮಂಗಳವಾಗಲಿ.