ಬಾರದ ಕೇಡಿನ ಹರಕೆ

ವಡೋದರಾದ ಆಸ್ಪತ್ರೆಯಲ್ಲಿ ಸಿಸ್ಟರ್ ಅವ್ವನನ್ನು ‘ಬಾ’ ಎನ್ನುತ್ತಿದ್ದರು. ಗುಜರಾತಿಯಲ್ಲಿ ಹಾಗೆಂದರೆ ತಾಯಿ. ‘ಎಲ್ಲಿಗ ಬರ್ಲವ್ವಾ, ಕಾಲ ಏಳವಲ್ದು’ ಎಂದಳು ಅವ್ವ. ಪಾರ್ಶ್ವವಾಯು ಅವಳ ಎಡಭಾಗವನ್ನು ಕಟ್ಟಿಹಾಕಿತ್ತು. ಎರಡೂ ಕಾಲಿಗೆ ಸುತ್ತಿದ ಪಟ್ಟಿಗೆ ಆಗಾಗ ಗಾಳಿ ತುಂಬಿ, ಮೀನಖಂಡ ಹಿಂಡಿ, ಉಸ್ಸೆಂದು ಸಡಿಲುತ್ತಿತ್ತು. ಕದಲದ ಕಾಲಲ್ಲಿ ರಕ್ತ ಹೆಪ್ಪುಗಟ್ಟಿ ಶ್ವಾಸಕೋಶಕ್ಕೇರಿದರೆ ಜೀವಕ್ಕೇ ಕುತ್ತು.

ತಿಂಗಳು ಕಳೆಯಿತು, ಹೆಪ್ಪು ಕಟ್ಟಲಿಲ್ಲ. ‘ಮನಿದೇವ್ರು ಕಾಯ್ದಾ ನೋಡಣ್ಣಾ’ ಎಂದಳು ಹುಬ್ಬಳ್ಳಿಯ ತಂಗಿ.

ದೇವರೋ, ಪಟ್ಟಿಯೋ? 2013ರಲ್ಲಿ ಪ್ರಕಟವಾದ ಬ್ರಿಟನ್ನಿನ ಕ್ಲಾಟ್ಸ್-3 ಅಧ್ಯಯನದಲ್ಲಿ ಅವ್ವನಂಥ 2,876 ರೋಗಿಗಳಿದ್ದರು. 30 ದಿನದೊಳಗೆ ಮೊಣಕಾಲು, ತೊಡೆಯ ಆಳದ ರಕ್ತನಾಳದಲ್ಲಿ ಹೆಪ್ಪು ಕಂಡದ್ದು ಪಟ್ಟಿ ಇಲ್ಲದವರಲ್ಲಿ ಶೇ. 12.1, ಇದ್ದವರಲ್ಲಿ ಶೇ. 8.5. ಅಂದರೆ ಪಟ್ಟಿಯಿಂದಾಗಿ ನೂರರಲ್ಲಿ ಮೂರ್ನಾಲ್ಕು ಜನ ಪಾರಾದರು. ಯಾರವರು? ಅವರಿಗೇ ತಿಳಿಯದು. ಬಂದ ಕೇಡಿಗೆ ಸಾಕ್ಷಿಯುಂಟು, ಬಾರದ್ದಕ್ಕಿಲ್ಲ.

ಹಾಗಾದರೆ ಕೃತಜ್ಞತೆಗೆ ವಿಳಾಸ ಬೇಕೇ? ಬೇಡವೆನಿಸುತ್ತದೆ. ತಂಗಿ ಕಾಯಿ ಒಡೆಸಲಿ. ನಾನು ದಿನಾ ಅವ್ವನ ಪಾದ ಹಿಡಿದು ಮೇಲೆ ಕೆಳಗೆ ಆಡಿಸುತ್ತೇನೆ. ಹಬ್ಬಕ್ಕೊಮ್ಮೆ ನಮಸ್ಕಾರಕ್ಕೆಂದು ಮುಟ್ಟುತ್ತಿದ್ದ ಪಾದ ಅದು.