ಎಡೆ ಬಿಡುವ ಧರ್ಮ

ಬಿಗಿಯಾಗಿರುವುದೆಲ್ಲ ಒಳ್ಳೆಯದು, ಸಡಿಲವಾಗಿರುವುದೆಲ್ಲ ಕೆಟ್ಟದ್ದು ಎಂಬ ಭಾವನೆ ನಮ್ಮಲ್ಲಿ ಆಳವಾಗಿ ಬೇರೂರಿದೆ. ಬಿಗಿಯಾದ ಶಿಸ್ತನ್ನೂ ಬಿಗಿಯಾದ ಲೆಕ್ಕವನ್ನೂ ಮೆಚ್ಚುತ್ತೇವೆ. ಯಾರಾದರೂ ನಿಯಮದಲ್ಲಿ ಒಂದಿಷ್ಟು ಎಡೆ ಬಿಟ್ಟರೆ ಅದನ್ನು ದೌರ್ಬಲ್ಯವೆಂದು ಕರೆಯುತ್ತೇವೆ. ಈ ಭಾವನೆ ಎಷ್ಟರ ಮಟ್ಟಿಗೆ ಸರಿಯಾದುದು? ಇದನ್ನು ವಿಚಾರಮಾಡುವುದಕ್ಕೆ ಧರ್ಮಶಾಸ್ತ್ರದ ಗ್ರಂಥಗಳನ್ನೇ ತೆರೆಯಬೇಕಾಗಿಲ್ಲ. ಮೋಟಾರು ಗಾಡಿಯ ಎಂಜಿನನ್ನು ಬಿಚ್ಚಿ ಮತ್ತೆ ಕಟ್ಟುವವನು ಮಾಡುವ ಒಂದು ಸಣ್ಣ ಕೆಲಸವನ್ನು ಗಮನಿಸಿದರೆ ಸಾಕು.

ಎಂಜಿನಿನ ಸಿಲಿಂಡರಿನೊಳಗೆ ಪಿಸ್ಟನ್ನು ಮೇಲಕ್ಕೂ ಕೆಳಕ್ಕೂ ಓಡಾಡುತ್ತದೆ. ಉರಿದ ಅನಿಲವು ಅದರ ಪಕ್ಕದಿಂದ ಸೋರಿಹೋಗದಂತೆ ತಡೆಯುವುದು ಅದರ ಸುತ್ತಲೂ ಕೂರಿಸಿದ ರಿಂಗುಗಳ ಕೆಲಸ. ಹಿಂದಿನ ಉಗಿಯಂತ್ರಗಳಲ್ಲಿ ಇದಕ್ಕಾಗಿ ಕೊಬ್ಬು ಸವರಿದ ಸೆಣಬಿನ ನಾರನ್ನು ತುರುಕುತ್ತಿದ್ದರು. 1850ರ ದಶಕದಲ್ಲಿ ಇಂಗ್ಲೆಂಡಿನ ರೈಲ್ವೆ ಎಂಜಿನಿಯರ್ ಜಾನ್ ರಾಮ್ಸ್‌ಬಾಟಮ್ ಎಂಬಾತನು, ಒಂದೆಡೆ ಸೀಳಿದ್ದು ತನ್ನ ಚಿಮ್ಮುಗುಣದಿಂದಲೇ ಗೋಡೆಗೆ ಒತ್ತಿಕೊಳ್ಳುವ ಲೋಹದ ರಿಂಗನ್ನು ಬಳಕೆಗೆ ತಂದನು. ಇಂದಿನ ರಿಂಗೂ ಅದೇ ವಂಶದ್ದು. ಸೋರಿಕೆಯನ್ನು ತಡೆಯಲೆಂದೇ ಹುಟ್ಟಿದ ವಸ್ತುವಿನಲ್ಲಿ ಬೇಕೆಂದೇ ಬಿಟ್ಟ ಸಂದೊಂದು ಇರುವುದು ಮೊದಲ ನೋಟಕ್ಕೆ ವಿಚಿತ್ರವಾಗಿ ಕಾಣುತ್ತದೆ.

ಆ ಸಂದು ಏಕೆ ಬೇಕೆಂಬುದನ್ನು ಲೆಕ್ಕದಿಂದಲೇ ತಿಳಿಯಬಹುದು. 86 ಮಿಲಿಮೀಟರ್ ವ್ಯಾಸದ ಸಿಲಿಂಡರಿನಲ್ಲಿ ರಿಂಗಿನ ಸುತ್ತಳತೆ ಸುಮಾರು 270 ಮಿಲಿಮೀಟರ್. ಎರಕದ ಕಬ್ಬಿಣದ ರಿಂಗು ಸುತ್ತಲಿನ ಗೋಡೆಗಿಂತ 100 ಡಿಗ್ರಿ ಸೆಂಟಿಗ್ರೇಡಿನಷ್ಟು ಹೆಚ್ಚು ಬಿಸಿಯಾದರೆ ಅದರ ಉದ್ದ ಸುಮಾರು 0.3 ಮಿಲಿಮೀಟರ್ ಬೆಳೆಯುತ್ತದೆ. ಸಂದು ಅಷ್ಟರಮಟ್ಟಿಗೆ ಮುಚ್ಚಿಕೊಳ್ಳುತ್ತದೆ. ಆದಕಾರಣ ಸಾಧಾರಣ ಎಂಜಿನಿನ ಮೇಲಿನ ರಿಂಗಿಗೆ ವ್ಯಾಸದ ಸಾವಿರದಲ್ಲಿ ನಾಲ್ಕು ಪಾಲಿನಷ್ಟು, ಎಂದರೆ ಇಲ್ಲಿ 0.34 ಮಿಲಿಮೀಟರಿನಷ್ಟು, ಸಂದು ಬಿಡುವುದು ವಾಡಿಕೆ. ಆದರೆ ಟರ್ಬೊ ಜೋಡಿಸಿದ ಎಂಜಿನಿನ ಮಾತು ಬೇರೆ. ಹೊರಹೋಗುವ ಹೊಗೆಯ ಬಲದಿಂದಲೇ ಗಾಳಿಯನ್ನು ಒತ್ತಿ ಒಳಗೆ ತುಂಬುವ ಈ ಉಪಾಯಕ್ಕೆ ಸ್ವಿಟ್ಜರ್ಲೆಂಡಿನ ಆಲ್ಫ್ರೆಡ್ ಬ್ಯೂಕಿ 1905ರಲ್ಲಿ ಪೇಟೆಂಟು ಪಡೆದನು. 1962ರಲ್ಲಿ ಅಮೆರಿಕದ ಕಾರುಗಳಲ್ಲಿ ಅದು ಮಾರಾಟಕ್ಕೆ ಬಂದಿತು. ಹೆಚ್ಚು ಗಾಳಿ, ಹೆಚ್ಚು ಇಂಧನ, ಹೆಚ್ಚು ಬಲ. ಅದರ ಜೊತೆಗೆ ಹೆಚ್ಚು ಉರಿ. ಅಂತಹ ಎಂಜಿನಿಗೆ ಸಾವಿರದಲ್ಲಿ ಆರು ಪಾಲಿನ ಆಸುಪಾಸು, ಎಂದರೆ ಸುಮಾರು 0.52 ಮಿಲಿಮೀಟರ್, ಸಂದು ಬಿಡುತ್ತಾರೆ. ನಿಷ್ಕೃಷ್ಟವಾದ ಅಳತೆಗೆ ಆಯಾ ರಿಂಗಿನ ತಯಾರಕರ ಪಟ್ಟಿಯೇ ಪ್ರಮಾಣ.

ಈ ಅಳತೆಯಲ್ಲಿ ತಪ್ಪು ಎರಡು ಬಗೆಯಲ್ಲಿ ಆಗಬಹುದು. ಸಂದು ತುಸು ಹೆಚ್ಚಾದರೆ ಸ್ವಲ್ಪ ಅನಿಲ ಕೆಳಕ್ಕೆ ಸೋರುತ್ತದೆ, ಸ್ವಲ್ಪ ಬಲ ಕುಂದುತ್ತದೆ, ಎಣ್ಣೆ ಬೇಗ ಕೆಡುತ್ತದೆ. ಸಂದು ಕಡಮೆಯಾದರೆ, ಉರಿ ಏರಿದ ಹೊತ್ತಿನಲ್ಲಿ ಎರಡು ತುದಿಗಳೂ ಒಂದನ್ನೊಂದು ಮುಟ್ಟುತ್ತವೆ. ಇನ್ನೂ ಬೆಳೆಯಬೇಕಾದ ರಿಂಗಿಗೆ ಹೋಗಲು ಜಾಗವಿಲ್ಲ. ಅದು ಗೋಡೆಯನ್ನು ಗೀರುತ್ತದೆ, ಕಚ್ಚಿಕೊಳ್ಳುತ್ತದೆ, ಕೊನೆಗೆ ಪಿಸ್ಟನ್ನಿನ ಅಂಚನ್ನೇ ಮುರಿದು ಎಬ್ಬಿಸುತ್ತದೆ. ಮೊದಲನೆಯ ತಪ್ಪಿನಿಂದ ಆಗುವುದು ನಷ್ಟ. ಎರಡನೆಯದರಿಂದ ಆಗುವುದು ನಾಶ. ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ವಿವೇಕವಲ್ಲ.

ಮನುಷ್ಯರ ವ್ಯವಹಾರದಲ್ಲಿಯೂ ಇದನ್ನು ನೋಡುತ್ತೇವೆ. ಸಂಬಳದ ಪ್ರತಿಯೊಂದು ರೂಪಾಯಿಗೂ ಮೊದಲೇ ಒಬ್ಬೊಬ್ಬರ ಹೆಸರು ಹಚ್ಚಿದ ಗೃಹಸ್ಥನು ಬಲು ಕಟ್ಟುನಿಟ್ಟಿನವನೆಂದು ಕಾಣುತ್ತಾನೆ. ಮನೆಯಲ್ಲಿ ಒಬ್ಬರು ಕಾಯಿಲೆ ಬಿದ್ದ ತಿಂಗಳು ಅವನ ಮಾತು ಮುರಿಯುತ್ತದೆ, ಮುರಿದುದು ಅಂಗಡಿಯವನ ಪಾಲಿಗೆ ಬರುತ್ತದೆ. ತಪ್ಪನ್ನು ಒಪ್ಪಿಕೊಳ್ಳಲು ಎಡೆಯೇ ಇಲ್ಲದ ಮನೆಯಲ್ಲಿ ಮಗು ತಪ್ಪು ಮಾಡುವುದನ್ನು ಬಿಡುವುದಿಲ್ಲ. ಸುಳ್ಳು ಹೇಳುವುದನ್ನು ಕಲಿಯುತ್ತದೆ. ತಣ್ಣಗಿರುವ ದಿನಗಳಲ್ಲಿ ಈ ಮನೆಗಳು ಬಹಳ ಅಚ್ಚುಕಟ್ಟಾಗಿರುತ್ತವೆ. ನಿಯಮವನ್ನು ಪರೀಕ್ಷಿಸತಕ್ಕದ್ದು ತಣ್ಣಗಿರುವಾಗ ಅದು ಎಷ್ಟು ಬಿಗಿಯಾಗಿ ಕೂಡಿದೆ ಎಂಬುದರಿಂದಲ್ಲ, ಕಾವು ಏರಿದಾಗ ಅದು ಏನಾಗುತ್ತದೆ ಎಂಬುದರಿಂದ.

ಇದಕ್ಕೆ ಒಂದು ಆಕ್ಷೇಪವುಂಟು. ಎಡೆ ಬಿಡುತ್ತ ಹೋದರೆ ಕೊನೆಗೆ ಶೀಲವೇ ಸೋರಿಹೋಗದೆ? ಮನುಷ್ಯ ಸ್ವಭಾವವು ಕೊಟ್ಟ ಸಲಿಗೆಯನ್ನು ಮೀರುವಂತಹುದಲ್ಲವೆ? ಈ ಮಾತನ್ನು ಹಗುರವಾಗಿ ತಳ್ಳಿಹಾಕಲಾಗದು. ಆದರೆ ರಿಂಗು ಕೂರಿಸುವವನ ಕೈಕೆಲಸವೇ ಇದಕ್ಕೆ ಉತ್ತರ ಕೊಡುತ್ತದೆ. ಅವನು ಕಣ್ಣಂದಾಜಿನಿಂದ ಸಂದು ಬಿಡುವುದಿಲ್ಲ. ರಿಂಗನ್ನು ಸಿಲಿಂಡರಿನಲ್ಲಿಟ್ಟು, ಪಿಸ್ಟನ್ನಿನಿಂದ ಒತ್ತಿ ಸಮವಾಗಿ ಕೂರಿಸಿ, ಫೀಲರ್ ಗೇಜಿನ ತೆಳುವಾದ ಎಲೆಯನ್ನು ತೂರಿಸಿ ಅಳೆಯುತ್ತಾನೆ. ಹೊರತೆಗೆದು ಒಂದು ತುದಿಯನ್ನು ಮಾತ್ರ ಅರದಿಂದ ತುಸು ಉಜ್ಜಿ ಮತ್ತೆ ಅಳೆಯುತ್ತಾನೆ. ಉಜ್ಜಿದ ಲೋಹವನ್ನು ಮತ್ತೆ ಅಂಟಿಸಲು ಬರುವುದಿಲ್ಲವಾದ್ದರಿಂದ ಅವನಿಗೆ ಆತುರವಿಲ್ಲ. ಒಂದು ಸಿಲಿಂಡರಿನ ಅಳತೆಯನ್ನು ನಂಬಿ ಉಳಿದವುಗಳಿಗೆ ಒಪ್ಪಿಸುವುದೂ ಇಲ್ಲ; ಪ್ರತಿಯೊಂದಕ್ಕೂ ಅದರದರ ರಿಂಗನ್ನೇ ಅಳೆದು ಕೂರಿಸುತ್ತಾನೆ. ಸೋಮಾರಿತನದಿಂದ ಉಂಟಾದ ಸಡಿಲಕ್ಕೂ ವಿಚಾರದಿಂದ ಬಿಟ್ಟ ಎಡೆಗೂ ಇರುವ ಭೇದ ಇದೇ. ಮೊದಲನೆಯದಕ್ಕೆ ಅಳತೆಯಿಲ್ಲ, ಎರಡನೆಯದಕ್ಕೆ ಕೂದಲೆಳೆಯಷ್ಟು ಸೂಕ್ಷ್ಮವಾದ ಅಳತೆಯುಂಟು.

ಇನ್ನೊಂದು ಸಂಗತಿಯೂ ಇದೆ. ಅಳೆಯುವವನು ಮೊದಲು ಕೇಳುವ ಪ್ರಶ್ನೆ, "ಈ ಗಾಡಿಯನ್ನು ಹೇಗೆ ಓಡಿಸುತ್ತೀರಿ?" ಎಂಬುದು. ಪೇಟೆಯ ಓಡಾಟಕ್ಕೆಂದು ಹೇಳಿ, ಮನಸ್ಸಿನಲ್ಲಿ ಪಂದ್ಯದ ವೇಗವನ್ನು ಇಟ್ಟುಕೊಂಡವನಿಗೆ ಸರಿಯಾದ ಸಂದು ದೊರೆಯಲಾರದು. ಎಡೆಯನ್ನು ಬೇಡುವವನು ತಾನು ಹೊರಬೇಕಾದ ಭಾರವನ್ನು ಮುಂಚೆಯೇ ನಿಜವಾಗಿ ಹೇಳಬೇಕು; ಕೊಡುವವನು ಅದನ್ನು ಕೇಳುವ ತಾಳ್ಮೆಯನ್ನು ತೋರಬೇಕು. ಸಲಿಗೆಯ ದುರುಪಯೋಗವೆಂದು ನಾವು ದೂರುವುದರಲ್ಲಿ ಬಹುಪಾಲು, ಈ ಮಾತು ಮೊದಲೇ ನಡೆಯದೆ ಹೋದುದರ ಫಲ. ಒಡೆದ ಮೇಲೆ ಕೇಳುವ ರಿಯಾಯಿತಿಗೂ, ಕಾವು ಏರುವ ಮುನ್ನ ಒಪ್ಪಿಕೊಂಡ ಎಡೆಗೂ ಹೆಸರು ಒಂದೇ ಇದ್ದರೂ ಬೆಲೆ ಒಂದೇ ಅಲ್ಲ.

ಸಂದು ಬಿಟ್ಟ ರಿಂಗು ಕೆಲಸದ ಹೊತ್ತಿನಲ್ಲಿ ಸಡಿಲವಾಗಿರುವುದಿಲ್ಲ ಎಂಬುದನ್ನೂ ಮರೆಯಬಾರದು. ಕಾವಿನಿಂದ ಸಂದು ಬಹುಮಟ್ಟಿಗೆ ಮುಚ್ಚುತ್ತದೆ. ಯಾವ ಅನಿಲವನ್ನು ತಡೆಯಬೇಕೋ ಅದೇ ಅನಿಲವು ರಿಂಗಿನ ಹಿಂದೆ ಸೇರಿ ಅದನ್ನು ಗೋಡೆಗೆ ಒತ್ತಿಹಿಡಿಯುತ್ತದೆ. ಹಾಗೆಯೇ, ತನ್ನ ಕಷ್ಟಕಾಲಕ್ಕೆಂದು ಒಬ್ಬರು ಅಳೆದು ಎಡೆ ಬಿಟ್ಟಿದ್ದಾರೆಂದು ತಿಳಿದ ಮನುಷ್ಯನು ಸಾಮಾನ್ಯವಾಗಿ ಆ ಕಷ್ಟಕಾಲದಲ್ಲಿಯೇ ಹೆಚ್ಚು ಗಟ್ಟಿಯಾಗಿ ನಿಲ್ಲುತ್ತಾನೆ. ಎಂಜಿನಿನ ಮುಚ್ಚಳ ಹಾಕಿದ ಮೇಲೆ ಆ ಸಂದು ಯಾರ ಕಣ್ಣಿಗೂ ಬೀಳುವುದಿಲ್ಲ. ಗಾಡಿಯ ಯಜಮಾನನೂ ಅದನ್ನು ಕಂಡು ಹೊಗಳಲಾರನು. ಆದರೂ ಘಟ್ಟದ ಏರಿನಲ್ಲಿ ಎಂಜಿನು ಒಡೆಯದೆ ಅವನನ್ನು ಮೇಲಕ್ಕೆ ಒಯ್ಯುವುದು, ತಣ್ಣಗಿದ್ದಾಗ ಒಬ್ಬನು ಆ ಏರನ್ನು ನೆನೆದು ಅಳೆದಿದ್ದುದರಿಂದ.